ವಾಯುನಿಷ್ಕಾಸನ ಮೀಮಾಂಸೆ: ಬ್ರೇಕ್ ಪೈಪಿನಲ್ಲಿ ಅಡಗಿದ ಗಾಳಿಯ ಭೇದೋಪಭೇದಗಳು

ಶಾಸ್ತ್ರಗ್ರಂಥದ ಆರಂಭದಲ್ಲಿ ದೇವತಾಸ್ತುತಿ ಇರಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿ ಅದಕ್ಕೊಂದು ತೊಡಕಿದೆ. ವಾಯುವನ್ನು ಹೊರಗಟ್ಟುವ ಉಪಾಯ ಹೇಳುವ ಗ್ರಂಥಕ್ಕೆ ವಾಯುದೇವರನ್ನೇ ಸ್ತುತಿಸಿದರೆ ಅವರು ಒಲಿಯುವುದು ಹೇಗೆ? ಆದ್ದರಿಂದ ಅವರ ಮಗ ಆಂಜನೇಯನಿಗೆ ಒಂದು ನಿಂಬೆಹಣ್ಣು ಇಟ್ಟು ಮುಂದುವರಿಯುತ್ತೇನೆ. ಚಕ್ರದ ಕೆಳಗಲ್ಲ, ಚಕ್ರ ಬಿಚ್ಚುವುದಿದೆ.

ಇನ್ನು ನಾಲ್ಕು ಅನುಬಂಧಗಳು. ವಿಷಯ: ಕಾರಿನ ಬ್ರೇಕ್ ಪೈಪಿನೊಳಗೆ ಸೇರಿಕೊಂಡ ಗಾಳಿ. ಪ್ರಯೋಜನ: ಮುಂದಿನ ಲಾರಿಯ ಹಿಂಬದಿಯ ಬರಹವನ್ನು ಅಗತ್ಯಕ್ಕಿಂತ ಹತ್ತಿರದಿಂದ ಓದದಿರುವುದು. ಸಂಬಂಧ: ಪಾದಕ್ಕೂ ಪೆಡಲಿಗೂ ಇರುವಂಥದ್ದು. ಅಧಿಕಾರಿ: ಒಮ್ಮೆಯಾದರೂ ಬ್ರೇಕ್ ತುಳಿದಾಗ ಪೆಡಲ್ ನೆಲ ಮುಟ್ಟಿ, ಆ ಕ್ಷಣದಲ್ಲಿ ಕುಲದೇವರ ಹೆಸರು ತಾನಾಗಿ ಬಾಯಿಗೆ ಬಂದವನು. ಅನುಭವವಿಲ್ಲದವರೂ ಓದಬಹುದು, ಆದರೆ ಅವರಿಗೆ ಇದು ಬರೀ ಸಾಹಿತ್ಯವಾಗುತ್ತದೆ.

ಈ ಶಾಸ್ತ್ರ ಕೋಲಾರದ ಚಿನ್ನದ ಗಣಿಯೂರಾದ ಕೆಜಿಎಫ್‌ನಲ್ಲೂ ಬಂಗಾರಪೇಟೆಯಲ್ಲೂ ಹುಟ್ಟಬೇಕಾದ್ದು ನ್ಯಾಯವೇ. ಗಾಳಿಯ ವಿಷಯದಲ್ಲಿ ಈ ಎರಡು ಊರುಗಳಿಗಿರುವ ಪಾಂಡಿತ್ಯ ಬೇರೆ ಊರಿಗಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಂದಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಕೆಜಿಎಫ್‌ನ ನಿತ್ಯಕರ್ಮ ಒಂದೇ: ಗಾಳಿಯನ್ನು ಕೆಳಕ್ಕೆ ಕಳಿಸುವುದು. ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರನ್ನೂ ಮೀರಿತ್ತು. ತಳದ ಬಂಡೆ 60 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಿರುತ್ತಿತ್ತು. ಅಲ್ಲಿಗೆ ತಂಪು ಗಾಳಿ ಇಳಿಸದಿದ್ದರೆ ಚಿನ್ನವೂ ಮೇಲೆ ಬರುತ್ತಿರಲಿಲ್ಲ, ಮನುಷ್ಯನೂ ಬರುತ್ತಿರಲಿಲ್ಲ. ಬಂಡೆ ಕೊರೆಯುವ ಡ್ರಿಲ್ ಓಡುತ್ತಿದ್ದುದು ಒತ್ತಿದ ಗಾಳಿಯಿಂದ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಕರೆಂಟು ತಂದರಲ್ಲ, ಗಾಳಿಯನ್ನು ಒತ್ತುವುದೂ ಆ ಕರೆಂಟಿನ ಪಾಲಿಗೆ ಬಂದ ಕೆಲಸಗಳಲ್ಲಿ ಒಂದು.

ಬಂಗಾರಪೇಟೆಯದು ಬೇರೆ ಶಾಖೆ. ಮೈಸೂರಿನ ಕಮಿಷನರ್ ಬೌರಿಂಗ್ ಸಾಹೇಬರ ಹೆಸರು ಹೊತ್ತು ಬೌರಿಂಗ್‌ಪೇಟೆಯಾಗಿದ್ದ ಈ ಜಂಕ್ಷನ್ನಿನಿಂದ ಗಣಿಗೆ 1894ರಲ್ಲಿ ರೈಲು ಹೋಯಿತು. ಹಳೆಯ ಗಾಡಿಗಳಲ್ಲಿದ್ದದ್ದು ವ್ಯಾಕ್ಯೂಮ್ ಬ್ರೇಕು. ಪೈಪಿನಿಂದ ಗಾಳಿಯನ್ನೆಲ್ಲ ಹೀರಿ ತೆಗೆದರೆ ಗಾಡಿ ಹೊರಡುತ್ತಿತ್ತು, ಪೈಪಿಗೆ ಗಾಳಿ ಬಿಟ್ಟರೆ ನಿಲ್ಲುತ್ತಿತ್ತು. ಈಗಿನ ಗಾಡಿಗಳಲ್ಲಿ ಏರ್ ಬ್ರೇಕು. ಪೈಪಿನಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡದ ಗಾಳಿ ಇದ್ದರೆ ಹೊರಡುತ್ತದೆ, ಹೋದರೆ ನಿಲ್ಲುತ್ತದೆ. ಅಂದರೆ ತಾತ ಸರಪಳಿ ಎಳೆದಾಗ ಗಾಳಿ ಒಳಗೆ ನುಗ್ಗಿ ರೈಲು ನಿಂತಿತು. ಮೊಮ್ಮಗ ಎಳೆದಾಗ ಗಾಳಿ ಹೊರಗೆ ಹೋಗಿ ನಿಂತಿತು. ದಂಡ ಇಬ್ಬರಿಗೂ ಬಿತ್ತು. ಲಾರಿ, ಬಸ್ಸುಗಳಲ್ಲೂ ಗಾಳಿಯೇ ಕೈಯಾಳು. ನಿಲ್ದಾಣದಲ್ಲಿ ಬಸ್ಸು ಬಿಡುವ ಆ ‘ಉಸ್ಸ್’ ಎಂಬ ನಿಟ್ಟುಸಿರು ಅದರದೇ.

ಕಾರಿನಲ್ಲಿ ಮಾತ್ರ ಎಲ್ಲ ತಲೆಕೆಳಗು. ಗಾಳಿ ಹೋದರೆ ರೈಲು ನಿಲ್ಲುತ್ತದೆ, ಗಾಳಿ ಬಂದರೆ ಕಾರು ನಿಲ್ಲುವುದಿಲ್ಲ. ಇದರಿಂದ ಮೊದಲ ಸಿದ್ಧಾಂತ: ಗಾಳಿ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಗಾಳಿ ತೀರ್ಮಾನಿಸುವುದಿಲ್ಲ, ಪೈಪು ತೀರ್ಮಾನಿಸುತ್ತದೆ.

ಏಕೆ ಹೀಗೆ? ಕಾರಿನ ಬ್ರೇಕು ದ್ರವದ್ದು. ಮಾಲ್ಕಮ್ ಲಾಕ್‌ಹೀಡ್ ಎಂಬ ಅಮೆರಿಕನ್ನರು ನೂರು ವರ್ಷದ ಹಿಂದೆ ರೂಢಿಗೆ ತಂದದ್ದು. 1921ರ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಕ್ಕೆ ಅದು ಬಂತು. ಪೆಡಲ್ ತುಳಿದರೆ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ದ್ರವವನ್ನು ತಳ್ಳುತ್ತದೆ. ಒತ್ತಡ ಎಲ್ಲ ಕಡೆಗೂ ಒಂದೇ ಸಮನೆ ಹರಡುತ್ತದೆಂದು ಪಾಸ್ಕಲ್ ಹೇಳಿಟ್ಟಿದ್ದಾರೆ. ದ್ರವ ಕುಗ್ಗುವುದಿಲ್ಲವೆಂದೇ ಲೆಕ್ಕ, ಗಾಳಿ ಕುಗ್ಗುತ್ತದೆ. ಲೆಕ್ಕ ಬೇಕಾದವರಿಗೆ: 1 ಘನ ಸೆಂಟಿಮೀಟರ್ ಗಾಳಿ 50 ವಾಯುಭಾರದ ಒತ್ತಡದಲ್ಲಿ ಐವತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ, ಅಂದರೆ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಮಾಸ್ಟರ್ ಸಿಲಿಂಡರಿನ ಒಳವ್ಯಾಸ 20 ಮಿಲಿಮೀಟರ್ ಇದ್ದರೆ ಆ ಜಾಗ ತುಂಬಲು ಪಿಸ್ಟನ್ ಸುಮಾರು 3 ಮಿಲಿಮೀಟರ್ ಹೆಚ್ಚು ಓಡಬೇಕು. ಪೆಡಲಿನ ಸನ್ನೆ ಒಂದಕ್ಕೆ ಐದು ಎಂದಿಟ್ಟುಕೊಂಡರೆ ಪಾದ ಒಂದೂವರೆ ಸೆಂಟಿಮೀಟರ್ ವ್ಯರ್ಥವಾಗಿ ಇಳಿಯುತ್ತದೆ. ಕಡಲೆಕಾಳಿನ ಗಾತ್ರದ ನಾಲ್ಕಾರು ಗುಳ್ಳೆ ಸಾಕು, ಪೆಡಲ್ ಪಾತಾಳಕ್ಕೆ ಇಳಿಯುವುದಕ್ಕೆ.

ಇನ್ನು ಲಕ್ಷಣ ಹೇಳಬೇಕು. ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷ ಇರಬಾರದು. ‘ಪೆಡಲ್ ಮೆತ್ತಗಾದರೆ ಗಾಳಿ’ ಎಂದರೆ ಅತಿವ್ಯಾಪ್ತಿ. ವಯಸ್ಸಾಗಿ ಉಬ್ಬುವ ರಬ್ಬರ್ ಹೋಸಿನಿಂದಲೂ ಪೆಡಲ್ ಮೆತ್ತಗಾಗುತ್ತದೆ. ‘ಬ್ರೇಕ್ ಆಯಿಲ್ ಇಳಿದಿದ್ದರೆ ಗಾಳಿ’ ಎನ್ನುವುದಕ್ಕೆ ಅತಿವ್ಯಾಪ್ತಿ, ಅವ್ಯಾಪ್ತಿ ಎರಡೂ ದೋಷ: ಪ್ಯಾಡ್ ಸವೆದರೆ ಗಾಳಿಯಿಲ್ಲದೆಯೂ ಡಬ್ಬಿಯ ಮಟ್ಟ ಇಳಿಯುತ್ತದೆ, ಡಬ್ಬಿ ಕಂಠಮಟ್ಟ ತುಂಬಿದ್ದರೂ ಪೈಪಿನಲ್ಲಿ ಗಾಳಿ ಇರಬಹುದು. ಅಸಂಭವಕ್ಕೆ ಉದಾಹರಣೆ: ‘ನಮ್ದು ಟಾಪ್ ಮಾಡೆಲ್ ಸಾರ್, ಇದ್ರಲ್ಲಿ ಏರ್ ಹಿಡಿಯಲ್ಲ.’ ದೋಷರಹಿತ ಲಕ್ಷಣ ಇದು: ಮೊದಲ ತುಳಿತಕ್ಕೆ ಆಳಕ್ಕೆ ಇಳಿದು, ಬೆನ್ನುಬೆನ್ನಿಗೆ ತುಳಿದರೆ ಮೇಲೇರಿ, ಮೇಲೇರಿದ ಮೇಲೂ ಪಾದದಡಿ ಪುಟಿಯುವ ಪೆಡಲಿಗೆ ಕಾರಣವಾದದ್ದು ಗಾಳಿ.

ಈ ಗಾಳಿ ಉತ್ಪತ್ತಿಭೇದದಿಂದ ಹಲವು ಬಗೆ. ಮೊದಲನೆಯದು ಹಸ್ತಜ, ಅಂದರೆ ಮನುಷ್ಯನ ಕೈಯಿಂದ ಒಳಬಂದದ್ದು. ಪೈಪು ಬಿಚ್ಚಿದಾಗ, ವೀಲ್ ಸಿಲಿಂಡರ್ ಬದಲಿಸಿದಾಗ, ಏರ್ ತೆಗೆಯುವ ಭರದಲ್ಲಿ ಮೇಲಿನ ಡಬ್ಬಿ ಖಾಲಿಯಾದದ್ದನ್ನು ನೋಡದೆ ತುಳಿಯುತ್ತಲೇ ಹೋದಾಗ ಇದು ಹುಟ್ಟುತ್ತದೆ. ಜಗತ್ತಿನ ಬ್ರೇಕ್ ಗಾಳಿಯಲ್ಲಿ ಬಹುಪಾಲು ಈ ಜಾತಿಯದೇ ಎಂಬುದು ನನ್ನ ಮತ. ಗಾಳಿ ತೆಗೆಯಲು ಹೋಗಿ ಗಾಳಿ ತುಂಬಿಸುವುದು ಈ ವಿದ್ಯೆಯ ಮೂಲಪಾಪ.

ಎರಡನೆಯದು ಶ್ವಾಸಜ. ವೀಲ್ ಸಿಲಿಂಡರಿನ ರಬ್ಬರ್ ಕಪ್ ಹಳತಾದರೆ, ಪೆಡಲ್ ಬಿಟ್ಟಾಗ ದ್ರವ ಹಿಂದಕ್ಕೆ ಹೋಗುವ ಸೆಳೆತಕ್ಕೆ ಅದರ ತುಟಿಯ ಪಕ್ಕದಿಂದ ಹೊರಗಿನ ಗಾಳಿ ಒಳಗೆ ಜಾರುತ್ತದೆ. ದ್ರವ ಹೊರಗೆ ಸೋರದೆ ಗಾಳಿ ಮಾತ್ರ ಒಳಗೆ ಬರುವುದೂ ಉಂಟು. ಆಗ ಯಜಮಾನ ‘ಒಂದು ತೊಟ್ಟೂ ಲೀಕ್ ಇಲ್ಲ’ ಎಂದು ಆಣೆಯಿಡುತ್ತಾನೆ, ಆಣೆ ಸುಳ್ಳೂ ಅಲ್ಲ. ಡ್ರಮ್ ಬ್ರೇಕಿನ ಕಾಲದ ಇಂಜಿನಿಯರುಗಳು ಇದನ್ನರಿತೇ ಪೈಪಿನಲ್ಲಿ ಸದಾ ಒಂದಿಷ್ಟು ಒತ್ತಡ ಉಳಿಸುವ ಪುಟ್ಟ ವಾಲ್ವ್ ಇಡುತ್ತಿದ್ದರು.

ಮೂರನೆಯದು ಜಲಜ, ಇದು ಮಹಾಮಾಯಾವಿ. ಬ್ರೇಕ್ ಆಯಿಲ್ ಎಂದು ನಾವು ಕರೆಯುವುದು ಎಣ್ಣೆಯೇ ಅಲ್ಲ. ಸಾಮಾನ್ಯ ಡಾಟ್ 3, ಡಾಟ್ 4 ದ್ರವಗಳು ಗ್ಲೈಕಾಲ್ ವರ್ಗದವು, ಗಾಳಿಯ ತೇವವನ್ನು ಹೀರುವಂಥವು. ಹೊಸದರಲ್ಲಿ ಡಾಟ್ 4 ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ನೂರಕ್ಕೆ ನಾಲ್ಕರಷ್ಟೂ ಅಲ್ಲದ ನೀರು ಸೇರಿದರೆ ಆ ಕನಿಷ್ಠ 155ಕ್ಕೆ ಬೀಳುತ್ತದೆ. ಡಾಟ್ 3ರದು 205ರಿಂದ 140ಕ್ಕೆ. ಊರೊಳಗೆ ಓಡಾಡುವವರೆಗೆ ಏನೂ ತಿಳಿಯುವುದಿಲ್ಲ. ಆದರೆ ನಮ್ಮ ಸೀಮೆಯವರ ಕಾರಿಗೆ ಒಂದು ಕಡ್ಡಾಯ ಯಾತ್ರೆಯಿದೆ: ವಿ. ಕೋಟ, ಪಲಮನೇರು, ಮೊಗಿಲಿ ಘಾಟಿ, ಚಿತ್ತೂರು, ಅಲ್ಲಿಂದ ತಿರುಪತಿ. ದರ್ಶನ ಮುಗಿಸಿ ಬೆಟ್ಟ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸುವ ಪುಣ್ಯಾತ್ಮ ಬ್ರೇಕಿನ ಮೇಲೇ ಪಾದವಿಟ್ಟು ಇಳಿಯುತ್ತಾನೆ. ಕ್ಯಾಲಿಪರ್ ಕಾಯುತ್ತದೆ, ದ್ರವದೊಳಗಿನ ನೀರು ಆವಿಯಾಗುತ್ತದೆ, ಆವಿ ಗಾಳಿಯ ಕೆಲಸವನ್ನೇ ಮಾಡುತ್ತದೆ. ತಿರುವಿನಲ್ಲಿ ಪೆಡಲ್ ನೆಲ ಮುಟ್ಟುತ್ತದೆ. ಹೇಗೋ ಪಾರಾಗಿ ಕೆಳಗೆ ಬಂದು ಅರ್ಧ ಗಂಟೆ ನಿಲ್ಲಿಸಿದರೆ ಆವಿ ತಣಿದು ನೀರಾಗುತ್ತದೆ, ಪೆಡಲ್ ಮತ್ತೆ ಗಟ್ಟಿ. ಗ್ಯಾರೇಜಿನಲ್ಲಿ ನೋಡಿದರೆ ದೋಷವೇ ಇಲ್ಲ. ಇಂಥ ಗಾಳಿಗೆ ಸಾಕ್ಷಿಯಿಲ್ಲ, ಶವವಿಲ್ಲ. ಯಜಮಾನ ಇದನ್ನು ಪವಾಡವೆಂದು ತಿಳಿದು ಇನ್ನೊಂದು ಹರಕೆ ಹೊತ್ತುಕೊಳ್ಳುತ್ತಾನೆ. ಆ ಹರಕೆಯ ದುಡ್ಡಿಗೆ ಅರ್ಧ ಲೀಟರ್ ಹೊಸ ದ್ರವ ಬರುತ್ತಿತ್ತು.

ಫೇನಜ ಎಂಬ ನಾಲ್ಕನೆಯದು ನೊರೆಯ ಗಾಳಿ: ಬಾಟಲಿಯನ್ನು ಕೆಮ್ಮಿನ ಔಷಧಿಯೆಂದು ಭಾವಿಸಿ ಕುಲುಕಿದ್ದರಿಂದಲೋ ಪೆಡಲನ್ನು ದಡದಡ ತುಳಿದಿದ್ದರಿಂದಲೋ ಬರುತ್ತದೆ. ಸುಮ್ಮನೆ ಬಿಟ್ಟರೆ ಹೋಗುತ್ತದೆ.

ಸ್ಥಾನಭೇದದಿಂದ ನೋಡಿದರೆ ಗಾಳಿ ಚರ ಮತ್ತು ಕೂಟಸ್ಥ ಎಂದು ಎರಡು ಬಗೆ. ಚರವಾಯು ದ್ರವದ ಜೊತೆ ಹರಿದು ಹೊರಬರುತ್ತದೆ; ಅದರ ಬಗ್ಗೆ ಬರೆಯಲು ಏನೂ ಇಲ್ಲ. ಕೂಟಸ್ಥವು ಎತ್ತರದ ಮೂಲೆ ಹಿಡಿದು ಕೂತದ್ದು. ಮಾಸ್ಟರ್ ಸಿಲಿಂಡರಿನ ನೆತ್ತಿ, ಪೈಪು ಕಮಾನಾಗಿ ಬಾಗಿದ ಜಾಗ ಅದರ ಪೀಠಗಳು. ಹೊಸ ಮಾಸ್ಟರ್ ಸಿಲಿಂಡರನ್ನು ಕಾರಿಗೆ ಹಾಕುವ ಮೊದಲೇ ವೈಸಿನಲ್ಲಿ ಹಿಡಿದು ದ್ರವ ತುಂಬಿಸಿ ಗಾಳಿ ಬಿಡಿಸುವುದು ಇದಕ್ಕೇ. 2019ರ ಏಪ್ರಿಲಿನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾದ ಮೇಲೆ ಕೂಟಸ್ಥನಿಗೆ ಹೊಸ ಅರಮನೆ ಸಿಕ್ಕಿದೆ. ಎಬಿಎಸ್ ಯೂನಿಟ್ಟಿನ ಒಳಕೋಣೆಗೆ ಹೊಕ್ಕ ಗಾಳಿಯನ್ನು ಹೊರಡಿಸಲು ಅನೇಕ ಕಾರುಗಳಲ್ಲಿ ಸ್ಕ್ಯಾನರ್ ಜೋಡಿಸಿ ಒಳಗಿನ ಪಂಪನ್ನೇ ಓಡಿಸಬೇಕು. ಪಾದಬಲ ಅಲ್ಲಿಗೆ ಮುಟ್ಟುವುದಿಲ್ಲ.

ಕೂಟಸ್ಥದ ಒಂದು ಉಪಜಾತಿ ತುಂಬ ಸ್ವಾರಸ್ಯವಾದದ್ದು. ಕ್ಯಾಲಿಪರ್ ಬಿಚ್ಚಿದ ಹುಡುಗ ಜೋಡಿಸುವಾಗ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕುತ್ತಾನೆ. ಕೆಲವು ಕಾರುಗಳಲ್ಲಿ ಹಾಗೂ ಸರಿಯಾಗಿ ಕೂರುತ್ತದೆ. ಆದರೆ ಮೇಲಿರಬೇಕಾದ ಬ್ಲೀಡರ್ ನಿಪ್ಪಲ್ ಕೆಳಗೆ ಬಂದಿರುತ್ತದೆ. ಗಾಳಿ ಮೇಲೆ, ಬಾಗಿಲು ಕೆಳಗೆ. ಲೀಟರುಗಟ್ಟಲೆ ದ್ರವ ಹರಿಸಿದರೂ ಗಾಳಿ ಕದಲುವುದಿಲ್ಲ. ಕೊನೆಗೆ ದೊಡ್ಡ ಮೇಸ್ತ್ರಿ ಟೀ ಮುಗಿಸಿ ಬಂದು, ಬಗ್ಗಿ ನೋಡಿ, ಏನೂ ಮಾತಾಡದೆ ಹುಡುಗನ ಮುಖ ನೋಡುತ್ತಾರೆ.

ಈಗ ಮಿಥ್ಯಾವಾಯು ಪ್ರಕರಣ. ಗಾಳಿಯಲ್ಲದ್ದನ್ನು ಗಾಳಿ ಎನ್ನುವುದರಲ್ಲಿ ಕೆಜಿಎಫ್‌ಗೆ ಚಾರಿತ್ರಿಕ ಪೂರ್ವಾಧಾರವೇ ಇದೆ. ಗಣಿಯ ಆಳದಲ್ಲಿ ಒತ್ತಡ ತಾಳದೆ ಬಂಡೆ ಸಿಡಿದಾಗ ಮೇಲಿನ ಮನೆಗಳೂ ನಡುಗುತ್ತಿದ್ದವು. ಹಳೆಯ ಇಂಜಿನಿಯರುಗಳು ತಮ್ಮ ವರದಿಗಳಲ್ಲಿ ಅದಕ್ಕೆ ‘ಏರ್ ಬ್ಲಾಸ್ಟ್’ ಎಂದು ಬರೆಯುತ್ತಿದ್ದರು. ಗಾಳಿ ಸಿಡಿದದ್ದಲ್ಲ, ಬಂಡೆ ಸಿಡಿದದ್ದು. ನುಗ್ಗಿದ ಗಾಳಿ ಅದರ ಫಲ. ಆದರೂ ಅಪವಾದ ಗಾಳಿಗೆ ಬಂತು. ರಾಕ್ ಬರ್ಸ್ಟ್ ಎಂಬ ಸರಿಯಾದ ಮಾತು ನೆಲೆಯೂರಲು ಕಾಲ ಹಿಡಿಯಿತು, ಅಷ್ಟರಲ್ಲಿ ಎಷ್ಟೋ ಜನ ಕೆಳಗೇ ಉಳಿದಿದ್ದರು. ರೋಗದ ಹೆಸರು ತಪ್ಪಿದರೆ ಮದ್ದು ತಪ್ಪುತ್ತದೆ, ಗ್ಯಾರೇಜಿನಲ್ಲೂ ಅಷ್ಟೇ.

ಪೆಡಲ್ ಮೇಲೆ ಪಾದವನ್ನು ಒಂದೇ ಸಮ ಒತ್ತಿ ಹಿಡಿದಾಗ ಅದು ಮೆಲ್ಲಗೆ, ಸಂಜೆಯ ಲಿಫ್ಟಿನ ಗತಿಯಲ್ಲಿ, ಕೆಳಗಿಳಿಯುತ್ತಿದ್ದರೆ ಅದು ಗಾಳಿಯಲ್ಲ: ಮಾಸ್ಟರ್ ಸಿಲಿಂಡರಿನ ರಬ್ಬರ್ ಸವೆದಿದೆ, ಅಥವಾ ಎಲ್ಲೋ ಸೋರುತ್ತಿದೆ. ಮೊದಲ ಸಲ ಕೆಳಗೆ ಹೋಗಿ ಎರಡನೆಯ ಸಲ ಮೇಲೆ ಬಂದು ಕಲ್ಲಿನಷ್ಟು ಗಟ್ಟಿಯಾದರೆ ಅದೂ ಬಹುತೇಕ ಗಾಳಿಯಲ್ಲ. ಹಿಂದಿನ ಡ್ರಮ್ಮಿನ ಲೈನರ್ ದೂರ ಸರಿದಿದೆ, ಅಡ್ಜಸ್ಟ್ ಮಾಡಬೇಕು. ಎಷ್ಟು ತುಳಿದರೂ ಗಟ್ಟಿಯಾಗದೆ ಪುಟಿಯುತ್ತಲೇ ಇದ್ದರೆ ಹೋಸ್ ನೋಡಿ. ಒಬ್ಬರು ತುಳಿಯುವಾಗ ಇನ್ನೊಬ್ಬರು ಕೈಯಿಟ್ಟರೆ ಉಬ್ಬುವುದು ತಿಳಿಯುತ್ತದೆ. ಈ ಮೂರನ್ನೂ ‘ಏರ್ ಹಿಡಿದಿದೆ ಸಾರ್’ ಎಂದು ಒಂದೇ ಬಿಲ್ಲಿನಲ್ಲಿ ತೀರಿಸುವ ಪಂಥವೊಂದಿದೆ. ಅದರ ಪ್ರತಿಪಕ್ಷವೂ ಉಂಟು: ನಿಜವಾದ ಗಾಳಿಗೇ ಮಾಸ್ಟರ್ ಸಿಲಿಂಡರ್ ಪೂರ್ತಿ ಬದಲಿಸುವ ಪಂಥ. ಮೊದಲನೆಯದು ಅಗ್ಗ, ಎರಡನೆಯದು ದುಬಾರಿ. ಜ್ಞಾನ ಎರಡಕ್ಕೂ ಸಮಾನ.

ಇನ್ನು ನಿಷ್ಕಾಸನ ವಿಧಿ. ಇದಕ್ಕೆ ಇಬ್ಬರು ಬೇಕು, ಪಾದಸ್ಥ ಮತ್ತು ಚಕ್ರಸ್ಥ. ಚಕ್ರಸ್ಥ ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ದ್ರವವಿರುವ ಬಾಟಲಿಯಲ್ಲಿ ಮುಳುಗಿಸುತ್ತಾನೆ. ಪಾದಸ್ಥ ನಿಧಾನವಾಗಿ ತುಳಿದು ಒತ್ತಿ ಹಿಡಿಯುತ್ತಾನೆ. ನಿಪ್ಪಲ್ ಕಾಲುಸುತ್ತು ಸಡಿಲಿಸಿದರೆ ಗುಳ್ಳೆ ಬರುತ್ತದೆ, ಪೆಡಲ್ ನೆಲಕ್ಕಿಳಿಯುತ್ತದೆ. ನಿಪ್ಪಲ್ ಬಿಗಿದ ಮೇಲೆಯೇ ಪಾದ ಎತ್ತಬೇಕು. ಬಂಗಾರಪೇಟೆಯಲ್ಲಿ ಇದು ‘ತುಳಿ, ಹಿಡಿ, ಬಿಡು’. ಕೆಜಿಎಫ್‌ನ ಆಂಡರ್ಸನ್‌ಪೇಟೆಯ ತಮಿಳಿನಲ್ಲಿ ‘ಅಮುಕ್ಕು, ಪಿಡಿ, ವಿಡು’. ಉರ್ದುವಿನ ಗ್ಯಾರೇಜಿನಲ್ಲಿ ‘ದಬಾ, ಪಕಡ್, ಛೋಡ್’. ಮೂರು ಭಾಷೆಯಲ್ಲೂ ಮೂರನೆಯ ಅಪ್ಪಣೆಯ ಮೊದಲೇ ಪಾದ ಎತ್ತಿದರೆ ಬಿಟ್ಟ ಗಾಳಿಯನ್ನು ಪೈಪು ಮತ್ತೆ ಒಳಗೆ ಸೆಳೆದುಕೊಳ್ಳುತ್ತದೆ.

ಪಾದಸ್ಥರಲ್ಲೂ ಭೇದವುಂಟು. ಉತ್ತಮ ಪಾದಸ್ಥ ಗ್ಯಾರೇಜಿನ ಹುಡುಗ. ಅವನು ಹಿಡಿ ಎಂದರೆ ಹಿಡಿಯುತ್ತಾನೆ. ಮಧ್ಯಮ ಎಂದರೆ ಭಾನುವಾರ ಮನೆಯಂಗಳದಲ್ಲಿ ಈ ಕರ್ಮಕ್ಕೆ ಕೂರಿಸಲ್ಪಟ್ಟ ಹೆಂಡತಿ. ‘ಹಿಡ್ಕೊಂಡೇ ಇದ್ದೀನ್ರೀ, ಒಳಗೆ ಒಗ್ಗರಣೆ ಸೀದುಹೋಗ್ತಿದೆ’ ಎಂಬ ಮಾತು ಕೇಳಿಬಂದ ಮೇಲೆ ಆ ಪಾದವನ್ನು ನಂಬುವಂತಿಲ್ಲ, ತಪ್ಪು ಪಾದದ್ದೂ ಅಲ್ಲ. ಅಧಮ ಎಂದರೆ ಕಾರಿನ ಯಜಮಾನ. ಅವನು ಒಂದು ಕೈಯಲ್ಲಿ ಫೋನ್ ಹಿಡಿದು, ತನಗೆ ತೋಚಿದಾಗ ತುಳಿಯುತ್ತಾನೆ.

ಚಕ್ರಗಳ ಕ್ರಮವೇನು? ಮಾಸ್ಟರ್ ಸಿಲಿಂಡರಿಗೆ ಅತಿ ದೂರದ್ದು ಮೊದಲು ಎಂಬುದು ಪರಂಪರೆ. ಬಲಗಡೆ ಸ್ಟೀರಿಂಗ್ ಇರುವ ನಮ್ಮ ಕಾರುಗಳಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಇದು ಪ್ರದಕ್ಷಿಣೆಯೂ ಅಲ್ಲ, ಅಪ್ರದಕ್ಷಿಣೆಯೂ ಅಲ್ಲವೆಂದು ಆಸ್ತಿಕರು ಆಕ್ಷೇಪಿಸಬಹುದು. ಅದಕ್ಕಿಂತ ಗಟ್ಟಿ ಆಕ್ಷೇಪ ಬೇರೆಯಿದೆ: ಮುಂದಿನ ಚಕ್ರ ಎಳೆಯುವ ಅನೇಕ ಕಾರುಗಳಲ್ಲಿ ಪೈಪುಗಳು ಕರ್ಣರೇಖೆಯಲ್ಲಿ ಹಂಚಿರುತ್ತವೆ, ಹಿಂದಿನ ಎಡಕ್ಕೆ ಮುಂದಿನ ಬಲ ಜೊತೆ. ಅಲ್ಲಿ ಕಂಪನಿ ಬೇರೆ ಕ್ರಮ ಹೇಳಿರಬಹುದು. ಕಂಪನಿಯ ಮ್ಯಾನ್ಯುಯಲ್ ಶ್ರುತಿ, ಮೇಸ್ತ್ರಿಯ ನೆನಪು ಸ್ಮೃತಿ. ಎರಡಕ್ಕೂ ವಿರೋಧ ಬಂದರೆ ಶ್ರುತಿಯೇ ಪ್ರಮಾಣ. ಮ್ಯಾನ್ಯುಯಲ್ ಯಾರ ಹತ್ತಿರವೂ ಇಲ್ಲದಿರುವುದರಿಂದ ಆಚರಣೆಯಲ್ಲಿ ಸ್ಮೃತಿಯೇ ನಡೆಯುತ್ತಿದೆ.

ಟ್ಯೂಬಿನಲ್ಲಿ ಗುಳ್ಳೆ ನಿಂತರೆ ಸಾಲದು, ಬಣ್ಣವೂ ತಿರುಗಬೇಕು. ಮೊದಲು ಬರುವುದು ಕಷಾಯದ ಬಣ್ಣದ್ದು. ಕೊನೆಗೆ ಬಂಗಾರಪೇಟೆಯ ಪಾನಿಪೂರಿಯ ನೀರಿನಷ್ಟು ತಿಳಿಯಾದದ್ದು ಬರುವವರೆಗೆ ಬಿಡಬಾರದು. ಹೊರಬಂದದ್ದನ್ನು ‘ಚೆನ್ನಾಗೇ ಇದೆಯಲ್ಲ’ ಎಂದು ಮತ್ತೆ ಡಬ್ಬಿಗೆ ಸುರಿಯುವವನಿಗೆ ನರಕವಿದೆ, ಘಾಟಿಯ ಮೂರನೆಯ ತಿರುವಿನಲ್ಲಿ. ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಶುಚಿಯಾದ ಬಟ್ಟೆಯಿಂದ ಒರೆಸಬೇಕು. ಬೇಸಗೆಯಲ್ಲಿ ಸೈನೈಡ್ ದಿಬ್ಬಗಳ ಧೂಳು ಎಲ್ಲೆಲ್ಲಿ ಕೂರುತ್ತದೆಂದು ಕೆಜಿಎಫ್‌ನವರಿಗೆ ಹೇಳಬೇಕಾಗಿಲ್ಲ. ದ್ರವ ಬಾನೆಟ್ಟಿನ ಮೇಲೆ ಚೆಲ್ಲಿದರೆ ಬಣ್ಣ ತಿನ್ನುತ್ತದೆ, ಕೂಡಲೇ ನೀರು ಹೊಯ್ಯಬೇಕು.

ಪೂರ್ವಪಕ್ಷವೊಂದು ಉಳಿದಿದೆ, ಅದು ಬಹಳ ಪ್ರಬಲವಾದದ್ದು: ‘ಎರಡು ಸಲ ತುಳಿದರೆ ಹಿಡಿಯುತ್ತದಲ್ಲ, ಮತ್ತೇಕೆ ಚಿಂತೆ?’ ಈ ಮತದವರು ಎರಡೂ ಊರಿನಲ್ಲಿ ಬಹುಸಂಖ್ಯಾತರು. ಮೊದಲ ತುಳಿತವನ್ನು ಅವರು ಪೀಠಿಕೆಯೆಂದು ಪರಿಗಣಿಸುತ್ತಾರೆ. ಅವರಿಗೆ ತರ್ಕದಿಂದ ಉತ್ತರ ಕೊಡಬಹುದು: ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಪಾದ ಎತ್ತಿ ಮತ್ತೊಮ್ಮೆ ತುಳಿಯಲು ಅರ್ಧ ಸೆಕೆಂಡ್ ಎಂದರೂ 8 ಮೀಟರ್. ಬೇತಮಂಗಲದ ರಸ್ತೆಗೆ ಅಡ್ಡ ಬರುವ ಎಮ್ಮೆ ಅಷ್ಟು ದೂರ ಕಾಯ್ದಿರಿಸಿ ಬರುವುದಿಲ್ಲ. ಗಾಳಿಯ ಎಲ್ಲ ಭೇದಗಳಿಗೂ ಮದ್ದು ಹೇಳಿದ್ದೇನೆ. ಈ ‘ಎರಡು ಸಲ’ದ ಮತಕ್ಕೆ ಮಾತ್ರ ನನ್ನ ಶಾಸ್ತ್ರದಲ್ಲಿ ನಿಪ್ಪಲ್ ಇಲ್ಲ.

ಆದ್ದರಿಂದ ಓದುಗರಲ್ಲಿ ಎರಡೇ ಪ್ರಾರ್ಥನೆ. ಬ್ರೇಕಿನ ದ್ರವವನ್ನು ಎರಡು ವರ್ಷಕ್ಕೊಮ್ಮೆ, ಸಾಧ್ಯವಾದರೆ ತಿರುಪತಿಗೆ ಹೊರಡುವ ಮುಂಚೆ, ಬದಲಿಸಿ. ಮೊದಲ ತುಳಿತಕ್ಕೆ ನಿಲ್ಲದ ಕಾರನ್ನು ಗ್ಯಾರೇಜಿನವರೆಗೂ ಓಡಿಸಿಕೊಂಡು ಹೋಗಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ. ಚೀಲದಲ್ಲಿ ಸ್ಪ್ಯಾನರು, ಟ್ಯೂಬು ಹಾಕಿಕೊಂಡು ಸ್ಕೂಟರಿನಲ್ಲಿ ಬರುವವರು ಎರಡೂ ಊರಿನಲ್ಲಿದ್ದಾರೆ.